ಕಾರಿನಲ್ಲಿ ‘ಸ’ ಕಿವಿಗೆ ಚುಚ್ಚುತ್ತಿದೆಯಾ? ಟ್ವೀಟರ್ ಕೂರಿಸಿದ ಜಾಗ ನೋಡಿ

ಕಳೆದ ವರ್ಷ ನನ್ನ ಹಳೇ ಹ್ಯಾಚ್‌ಬ್ಯಾಕ್ ಕಾರಿಗೆ ಕಾಂಪೊನೆಂಟ್ ಸ್ಪೀಕರ್, ಅಂದರೆ ವೂಫರ್, ಟ್ವೀಟರ್ ಬೇರೆ ಬೇರೆ ಇರುವ ಸೆಟ್ ಹಾಕಿಸಿದೆ. ದಪ್ಪ ಸದ್ದಿನ ಆರೂವರೆ ಇಂಚಿನ ವೂಫರ್ ಬಾಗಿಲ ಕೆಳಗೆ, ಚೂಪು ಸದ್ದಿನ ಪುಟ್ಟ ಟ್ವೀಟರ್ ಸೈಡ್ ಮಿರರ್ ಹಿಂದಿನ ತ್ರಿಕೋನ ಪ್ಲಾಸ್ಟಿಕ್ಕಿನಲ್ಲಿ. ಅಂಗಡಿಯಿಂದ ಹೊರಡುವಾಗ ಭಾರಿ ಖುಷಿ. ಮನೆ ಮುಟ್ಟುವಷ್ಟರಲ್ಲಿ ತಲೆನೋವು.

ಏನಾಗುತ್ತಿತ್ತು ಅಂದರೆ, ಎಫ್‌ಎಂ ರೇನ್‌ಬೋ 101.3ರಲ್ಲಿ ಯಾರಾದರೂ ಮಾತಾಡಿದರೆ ‘ಸ’, ‘ಶ’, ‘ಚ’ ಮಾತ್ರ ಬಲಗಿವಿಯ ಪಕ್ಕದಿಂದ ಪಿನ್ ಚುಚ್ಚಿದ ಹಾಗೆ ಬರುತ್ತಿತ್ತು. ಅದೇ ಮಾತಿನ ಉಳಿದ ದನಿ ನನ್ನ ಮೊಣಕಾಲಿನ ಹತ್ತಿರದಿಂದ. ಒಬ್ಬಳೇ ಹೆಂಗಸು, ಹಲ್ಲು ಕಿಟಕಿಯಲ್ಲಿ, ಎದೆ ಬ್ರೇಕ್ ಪೆಡಲ್ ಹತ್ತಿರ. ಎಡಗಡೆ ಟ್ವೀಟರ್ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಅಂಗಡಿಗೆ ವಾಪಸ್ ಹೋದರೆ, “ಟ್ವೀಟರ್ ಚೇಂಜ್ ಮಾಡ್ಬಿಡಿ ಸಾರ್, ಸಿಲ್ಕ್ ಡೋಮ್ ಹಾಕೋಣ” ಅಂದರು. ಸಿಲ್ಕ್ ಡೋಮ್ ಅಂದರೆ ಸದ್ದು ಮಾಡುವ ಗುಮ್ಮಟ ಮೆಟಲ್ಲಿನದಲ್ಲ, ರೇಷ್ಮೆ ಬಟ್ಟೆಯದು. ನಾನು ಹಾಕಿಸಿದ್ದೇ ಅದು. ಆಗ ಗೊತ್ತಾಯಿತು, ಇದನ್ನು ನಾನೇ ಕೂತು ಹುಡುಕಬೇಕು ಅಂತ. ಮೂರು ಭಾನುವಾರ ಹಿಡಿಯಿತು. ದುಡ್ಡು ಏನೂ ಖರ್ಚಾಗಲಿಲ್ಲ, ಮಗಳ ಆಟದ ಕ್ಲೇ ಒಂದು ಡಬ್ಬಿ ಬಿಟ್ಟು.

ಮೊದಲು ವೈರಿಂಗ್ ನೋಡಿ

ಜಾಗದ ಮೇಲೆ ತಪ್ಪು ಹೊರಿಸುವ ಮುಂಚೆ ಬೇರೆ ಅನುಮಾನ ಕಳೆದುಕೊಳ್ಳಿ. ಸ್ಟೀರಿಯೋದಲ್ಲಿ ಈಕ್ವಲೈಜರ್ ಫ್ಲಾಟ್ ಮಾಡಿ, ಲೌಡ್‌ನೆಸ್ ಆಫ್ ಮಾಡಿ. ಫೋನಿನಲ್ಲೂ ಒಂದು ಈಕ್ವಲೈಜರ್ ಇರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಪರೀಕ್ಷೆಗೆ ಮಾತು ಒಳ್ಳೆಯದು, ಹಾಡಲ್ಲ. ಹಾಡಿನಲ್ಲಿ ಗಿಟಾರ್ ಎಲ್ಲಿ ಇರಬೇಕಿತ್ತು ಅಂತ ನಮಗೇನು ಗೊತ್ತು? ಒಬ್ಬರೇ ಮಾತಾಡಿದರೆ ಆ ದನಿ ನಡುವಿನಿಂದ ಬರಬೇಕು ಅಂತ ಗೊತ್ತಿರುತ್ತದೆ. ರೇಡಿಯೋ ವಾರ್ತೆ ಸಾಕು. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ವರೆಗೆ ಮಾತ್ರ ಸದ್ದು ಬರುತ್ತದೆ, ಆದರೆ ‘ಸ’ ಚುಚ್ಚುವ ಜಾಗ ಸುಮಾರು 5ರಿಂದ 8 ಕಿಲೋಹರ್ಟ್ಸ್, ಹಾಗಾಗಿ ನಮ್ಮ ಕೆಲಸಕ್ಕೆ ಧಾರಾಳವಾಯಿತು.

ಆಮೇಲೆ ಕೆಪಾಸಿಟರ್. ಟ್ವೀಟರ್ ವೈರಿನಲ್ಲಿ ಕಡಲೆಬೀಜದಷ್ಟು ದಪ್ಪದ್ದೊಂದು ಇರುತ್ತದಲ್ಲ, ಅದು. ಬಾಸ್ ತಡೆದು ಮೇಲಿನ ಸದ್ದನ್ನು ಮಾತ್ರ ಟ್ವೀಟರಿಗೆ ಬಿಡುವುದು ಅದರ ಕೆಲಸ. ಕಾಂಪೊನೆಂಟ್ ಸೆಟ್ ಆದರೆ ಆ ಕೆಲಸಕ್ಕೆ ಕ್ರಾಸ್‌ಓವರ್ ಡಬ್ಬಿ ಇರುತ್ತದೆ. ಕೆಲವು ಸಲ ಎರಡು ಕೆಪಾಸಿಟರ್ ಸೇರಿಕೊಂಡುಬಿಡುತ್ತವೆ. ಕಂಪನಿ ವೈರಿನಲ್ಲೇ ಒಂದು ಕೆಪಾಸಿಟರ್ ಉಳಿದಿರುತ್ತದೆ, ಹೊಸ ಟ್ವೀಟರಿಗೆ ಇನ್ನೊಂದು ಬಂದಿರುತ್ತದೆ, ಹಾಕುವವರು ಎರಡನ್ನೂ ಸಾಲಾಗಿ ಜೋಡಿಸಿಬಿಡುತ್ತಾರೆ. ಲೆಕ್ಕ ನೋಡಿ. 4 ಓಮ್ ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 8.5 ಕಿಲೋಹರ್ಟ್ಸ್‌ನಿಂದ ಮೇಲೆ ಪೂರ್ತಿ ಹಾಡುತ್ತದೆ. ಅಂಥವೇ ಎರಡು ಸಾಲಾಗಿ ಬಂದರೆ ಬೆಲೆ ಅರ್ಧ ಆಗಿ, ಗಡಿ 17 ಕಿಲೋಹರ್ಟ್ಸ್ ಹತ್ತಿರ ಹೋಗುತ್ತದೆ. ಆಗ ಟ್ವೀಟರ್ ಇದ್ದೂ ಇಲ್ಲದ ಹಾಗೆ, ಬರೀ ‘ಟಿಸ್ ಟಿಸ್’. ನಿಮ್ಮ ತೊಂದರೆ ಚುಚ್ಚುವುದಲ್ಲ, ಮಂಕು ಅನ್ನುವುದಾದರೆ ಮೊದಲು ಇಲ್ಲಿ ನೋಡಿ.

ಹಾಗಂತ ಕೆಪಾಸಿಟರ್ ಕಿತ್ತು ಟ್ವೀಟರನ್ನು ನೇರವಾಗಿ ಸ್ಟೀರಿಯೋಗೆ ಕೊಡಬೇಡಿ. ಬಾಸ್ ಹೋಗಿ ಕಾಯಿಲ್ ಸುಡುತ್ತದೆ. ಮಲ್ಟಿಮೀಟರ್ ಇದ್ದರೆ ಟ್ವೀಟರಿನ ಎರಡು ಕಾಲಿಗೆ ನೇರ ಹಿಡಿಯಿರಿ, 4 ಓಮಿನದು ಮೂರೂಕಾಲು, ಮೂರೂವರೆ ಹೀಗೆ ತೋರಿಸುತ್ತದೆ. ಕೆಪಾಸಿಟರ್ ಮೂಲಕ ಹಿಡಿದರೆ ಏನೂ ತೋರಿಸುವುದಿಲ್ಲ. ಅದನ್ನು ನೋಡಿ “ಸುಟ್ಟುಹೋಗಿದೆ” ಅಂತ ಒಳ್ಳೇ ಟ್ವೀಟರನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ.

ನನ್ನದರಲ್ಲಿ ಇದೆಲ್ಲ ಸರಿ ಇತ್ತು. ಎಂಜಿನ್ ಜೊತೆ ಏರಿಳಿಯುವ ‘ಕುಂಯ್’ ಸದ್ದು ಇದ್ದರೆ ಅದು ಟ್ವೀಟರ್ ಜಾಗದ ವಿಷಯ ಅಲ್ಲವೇ ಅಲ್ಲ. ಟ್ವೀಟರಿನಲ್ಲಿ ಕೇಳುತ್ತದೆ ಅಷ್ಟೆ. ಅರ್ಥಿಂಗ್ ನೋಡಿ, ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಹೋಗುವ ಆಡಿಯೋ ಕೇಬಲ್ ನೋಡಿ.

ಟೇಪು, ಟಾರ್ಚು, ಟವೆಲು

ಇನ್ನು ಜಾಗದ ಪರೀಕ್ಷೆ. ಮೂರೂ ಮನೆಯಲ್ಲೇ ಇರುವ ಸಾಮಾನು.

ಅಳತೆ ಟೇಪ್ ತಗೊಳ್ಳಿ. ಡ್ರೈವ್ ಮಾಡುವಾಗ ಕೂರುವ ಹಾಗೆಯೇ ಕೂತು, ತಲೆಯ ನಡುವಿನಿಂದ ಎರಡೂ ಟ್ವೀಟರಿಗೆ ಎಷ್ಟು ದೂರ ನೋಡಿ. ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದರೆ ಸುಲಭ. ನನ್ನ ಕಾರಿನಲ್ಲಿ ಬಲಗಡೆಯದು 74 ಸೆಂಟಿಮೀಟರ್, ಎಡಗಡೆಯದು 121. ವ್ಯತ್ಯಾಸ 47. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಅಂದರೆ ಎಡಗಡೆಯದು ಬರುವಷ್ಟರಲ್ಲಿ ಬಲಗಡೆಯದು ಬಂದು 1.4 ಮಿಲಿಸೆಕೆಂಡ್ ಆಗಿರುತ್ತದೆ. ಇಷ್ಟೇನಾ ಅನ್ನಿಸಬಹುದು, ಆದರೆ ಸದ್ದು ಯಾವ ಕಡೆಯಿಂದ ಬಂತು ಅಂತ ತೀರ್ಮಾನ ಮಾಡುವುದಕ್ಕೆ ಕಿವಿಗೆ ಇದರ ಅರ್ಧವೂ ಬೇಡ. ಅದರ ಮೇಲೆ ಬರೀ ದೂರದ ಲೆಕ್ಕದಲ್ಲೇ ಬಲಗಡೆಯದು 4 ಡೆಸಿಬೆಲ್ ಜೋರು. ನನ್ನ ರೇಡಿಯೋ ಹೆಂಗಸು ಕಿಟಕಿಗೆ ಯಾಕೆ ಅಂಟಿಕೊಂಡಿದ್ದಳು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಬ್ಯಾಲೆನ್ಸ್ ಎಡಕ್ಕೆ ತಿರುಗಿಸಿದರಾಯಿತು ಅಲ್ವಾ? ನಾನೂ ತಿರುಗಿಸಿದೆ. ದನಿ ಸ್ವಲ್ಪ ನಡುವಿಗೆ ಬಂತು. ಆದರೆ ಚುಚ್ಚುವುದು ಹೋಗಲಿಲ್ಲ, ಬಲಗಡೆ ಬಾಗಿಲಿನ ಬಾಸ್ ಮಾತ್ರ ಹೋಯಿತು.

ಟಾರ್ಚ್ ಪರೀಕ್ಷೆ ರಾತ್ರಿ ಮಾಡಬೇಕು. ಇದು ನನಗೆ ಭಾಳ ಇಷ್ಟವಾದದ್ದು. ಎತ್ತರದ ಸದ್ದು ಹೆಚ್ಚು ಕಡಿಮೆ ಬೆಳಕಿನ ಹಾಗೇ ನಡೆದುಕೊಳ್ಳುತ್ತದೆ. ಅಡ್ಡ ಬಂದರೆ ನೆರಳು, ಗಾಜು ಸಿಕ್ಕಿದರೆ ಪ್ರತಿಬಿಂಬ. 10 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಮೂರೂವರೆ ಸೆಂಟಿಮೀಟರೂ ಇಲ್ಲ, ಅದರ ಮುಂದೆ ಗಾಜು ಒಂದು ದೊಡ್ಡ ಗೋಡೆ. ಕತ್ತಲಲ್ಲಿ ಕಾರು ನಿಲ್ಲಿಸಿ, ಒಳಗಿನ ದೀಪ ಆರಿಸಿ, ಫೋನಿನ ಟಾರ್ಚ್ ಹಚ್ಚಿ ಟ್ವೀಟರ್ ಇರುವ ಜಾಗದಲ್ಲಿ, ಅದು ನೋಡುತ್ತಿರುವ ದಿಕ್ಕಿಗೇ ಇಡಿ. ನೀವು ಸೀಟಿನಲ್ಲಿ ಕೂತು ನೋಡಿ. ಬೆಳಕು ಎಷ್ಟು ಕಡೆ ಕಾಣುತ್ತದೋ ಸದ್ದೂ ಅಷ್ಟು ಕಡೆಯಿಂದ ಬರುತ್ತಿದೆ. ಬೆಳಕು ಕಾಣದೆ ಸ್ಟೀರಿಂಗೋ ಮೀಟರ್ ಮೇಲಿನ ಚಪ್ಪರವೋ ಅಡ್ಡ ಬಂದಿದ್ದರೆ ಟ್ವೀಟರಿಗೂ ಅದೇ ಅಡ್ಡ. ನಾನು ಇಟ್ಟಾಗ ಕಣ್ಣಿಗೆ ರಾಚುವ ಒಂದು ಬೆಳಕು ನೇರ, ಅದರ ಪಕ್ಕದಲ್ಲೇ ಬಾಗಿಲ ಗಾಜಿನಲ್ಲಿ ಇನ್ನೊಂದು. ಒಂದೇ ಕಡೆ ಎರಡು ಟ್ವೀಟರ್ ಇದ್ದ ಹಾಗೆ, ಎರಡಕ್ಕೂ ಒಂದೊಂದು ದೂರ. ಎಡಗಡೆ ಇಟ್ಟಾಗ ಬೆಳಕು ಪಕ್ಕದ ಸೀಟಿನ ಹೆಡ್‌ರೆಸ್ಟ್ ಮೇಲೆ ಬಿದ್ದಿತ್ತು. ನನ್ನ ಕಡೆಗೆ ಬರೀ ಅಂಚು.

ಇದನ್ನು ಕಿವಿಯಲ್ಲಿ ಖಚಿತ ಮಾಡಿಕೊಳ್ಳುವುದು ಸುಲಭ. ಎಂಜಿನ್ ಆರಿಸಿ, ಮಾತು ಹಚ್ಚಿ, ಡ್ರೈವರ್ ಕಡೆ ಗಾಜು ಪೂರ್ತಿ ಇಳಿಸಿ. ಚುಚ್ಚುವುದು ಕಡಿಮೆ ಆದರೆ ಗಾಜಿನ ಪಾಲು ಇದೆ ಅಂತಲೇ ಅರ್ಥ. ಟ್ವೀಟರ್ ಡ್ಯಾಶ್‌ಬೋರ್ಡ್ ಮೇಲಿದ್ದರೆ ಗಾಜು ಇಳಿಸುವುದಕ್ಕೆ ಆಗುವುದಿಲ್ಲ, ಅಲ್ಲಿಗೆ ಟವೆಲ್. ದಪ್ಪ ಟರ್ಕಿ ಟವೆಲ್ ಡ್ಯಾಶ್ ಮೇಲೆ ಹಾಸಿ ಕೇಳಿ, ಆಮೇಲೆ ಅದನ್ನೇ ಎತ್ತಿ ಟ್ವೀಟರ್ ಎದುರಿನ ಮುಂಗಾಜಿಗೆ ಒತ್ತಿ ಹಿಡಿದು ಕೇಳಿ. ಯಾವುದರಲ್ಲಿ ದನಿ ತಣ್ಣಗಾಯಿತೋ ಕಳ್ಳ ಅಲ್ಲಿದ್ದಾನೆ. ಎರಡರಲ್ಲೂ ಏನೂ ಬದಲಾಗಲಿಲ್ಲ ಅಂದರೆ ಟ್ವೀಟರ್ ನೇರವಾಗಿಯೇ ಜೋರಾಗಿದೆ, ಕ್ರಾಸ್‌ಓವರ್ ಡಬ್ಬಿಯಲ್ಲಿ ಟ್ವೀಟರ್ ಸದ್ದು ಇಳಿಸುವ ಮೈನಸ್ 3 ಡೆಸಿಬೆಲ್ ಜಂಪರ್ ಇದ್ದರೆ ಹಾಕಿ ನೋಡಿ.

ಕ್ಲೇ ಹಚ್ಚಿ ಓಡಾಡಿಸುವುದು

ಈಗ ಟ್ವೀಟರ್ ಬಿಚ್ಚಿ. ಒಂದು ಮೀಟರ್ ವೈರ್ ಜಾಸ್ತಿ ಸೇರಿಸಿ, ಎಲ್ಲಿ ಬೇಕಾದರೂ ಒಯ್ಯುವ ಹಾಗೆ ಮಾಡಿ. ನಾನು ಮಗಳ ಕ್ಲೇ ಉಂಡೆ ಮಾಡಿ ಅದರಲ್ಲಿ ಟ್ವೀಟರ್ ಒತ್ತಿ ಕೂರಿಸಿದೆ. ಯಾವ ಕೋನಕ್ಕೆ ಬೇಕಾದರೂ ಬಗ್ಗುತ್ತದೆ, ಡಬಲ್ ಟೇಪಿಗಿಂತ ಎಷ್ಟೋ ಮೇಲು. ಒಂದು ಮಾತು, ಕ್ಲೇ ಕೆಳಗೆ ಪ್ಲಾಸ್ಟಿಕ್ ಕವರ್ ಇಡಿ. ನಾನು ಇಡಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ರೂಪಾಯಿ ಅಗಲದ ಎಣ್ಣೆ ಕಲೆ ಇವತ್ತಿಗೂ ಇದೆ.

ಒಂದೊಂದು ಜಾಗದಲ್ಲಿ ಎರಡು ನಿಮಿಷ ಕೇಳಿ. ಒಂದೇ ರೆಕಾರ್ಡಿಂಗ್, ಒಂದೇ ವಾಲ್ಯೂಮ್. ಅದಕ್ಕೇ ವಾರ್ತೆಯ ಒಂದು ತುಣುಕನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ, ಮೂರನೇ ಭಾನುವಾರದ ಹೊತ್ತಿಗೆ ಅದು ಮನೆಯವರಿಗೆಲ್ಲ ಬಾಯಿಪಾಠ. ಜಾಗ ಬದಲಾಯಿಸಿದರೆ ಕೋನ ಬದಲಾಯಿಸಬೇಡಿ, ಕೋನ ಬದಲಾಯಿಸಿದರೆ ಜಾಗ ಬದಲಾಯಿಸಬೇಡಿ. ಎರಡೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಕೋನದ ಬಗ್ಗೆ ಇಷ್ಟು ಗೊತ್ತಿರಲಿ. ಒಂದು ಇಂಚಿನ ಡೋಮ್ ಕೆಳಗಿನ ಸದ್ದನ್ನು ಅಗಲವಾಗಿ ಚೆಲ್ಲುತ್ತದೆ, 10 ಕಿಲೋಹರ್ಟ್ಸ್ ದಾಟಿದ ಮೇಲೆ ಟಾರ್ಚಿನ ಹಾಗೆ ಮುಂದಕ್ಕೆ ಮಾತ್ರ. ಕಿವಿಗೆ ನೇರ ಹಿಡಿದರೆ ತಾಳದ ಮಿಂಚು ಪೂರ್ತಿ, ಓರೆ ಮಾಡಿದರೆ ಆ ತುದಿ ಮೊಂಡಾಗುತ್ತದೆ. ಹತ್ತಿರದ ಟ್ವೀಟರನ್ನು ಓರೆ ಮಾಡಿ, ದೂರದ್ದನ್ನು ಹೆಚ್ಚು ನೇರ ಮಾಡುವುದು ಒಂದು ಹಳೇ ಉಪಾಯ. ಎರಡನ್ನೂ ಚಾವಣಿಯ ನಡುವಿನ ದೀಪಕ್ಕೆ ಗುರಿ ಇಟ್ಟು ಶುರು ಮಾಡಿ, ಅಲ್ಲಿಂದ ಬೆರಳಗಲ ಬೆರಳಗಲ ತಿರುಗಿಸುತ್ತಾ ಹೋಗಿ. ಆದರೆ ಓರೆ ಮಾಡಿದಾಗ ‘ಸ’ ಅಷ್ಟೇನೂ ಇಳಿಯುವುದಿಲ್ಲ, ಅದು ಆ ಅಗಲವಾಗಿ ಚೆಲ್ಲುವ ಭಾಗದಲ್ಲೇ ಇರುವುದರಿಂದ. ಅದಕ್ಕೆ ದೂರವೇ ಬೇಕು.

ಯಾವ ಜಾಗ ಏನು ಮಾಡಿತು

ಮಿರರ್ ತ್ರಿಕೋನ: ಹಾಕುವವರಿಗೆ ಸುಲಭ, ವೈರ್ ಬಾಗಿಲಲ್ಲೇ ಮುಗಿಯುತ್ತದೆ, ಕೆಲವು ಕಾರುಗಳಲ್ಲಿ ಕಂಪನಿಯೇ ಜಾಗ ಕೊಟ್ಟಿರುತ್ತದೆ. ಆದರೆ ಡ್ರೈವರ್ ಕಡೆಯದು ಕಿವಿಗೆ ತೀರಾ ಹತ್ತಿರ, ಪಕ್ಕದಲ್ಲೇ ಗಾಜು. ದೊಡ್ಡ ಕಾರುಗಳಲ್ಲಿ ಇದೇ ಜಾಗ ಚೆನ್ನಾಗಿರುತ್ತದೆ, ಯಾಕೆಂದರೆ ಅಲ್ಲಿ ಮುಂಗಾಜಿನ ಪಕ್ಕದ ಕಂಬ ಮುಂದಿರುತ್ತದೆ. ಸಣ್ಣ ಕಾರಿನಲ್ಲಿ, ನನ್ನ ಹಾಗೆ ಸೀಟು ಮುಂದಕ್ಕೆ ಎಳೆದುಕೊಂಡು ಕೂರುವವರಿಗೆ, ಸುಮ್ನೆ ತಲೆನೋವು.

ಬಾಗಿಲ ಮೇಲ್ಭಾಗ, ಹಿಡಿಕೆಯ ಹತ್ತಿರ: ವೂಫರಿಗೆ ಹತ್ತಿರ, ಹಾಗಾಗಿ ದನಿ ಎರಡಾಗಿ ಒಡೆಯುವುದಿಲ್ಲ. ಇಲ್ಲಿ ಕೇಳಿದಾಗ ಆ ಹೆಂಗಸಿನ ಹಲ್ಲು, ಎದೆ ಒಂದೇ ಕಡೆ ಬಂದವು. ಆದರೆ ಇಡೀ ಹೆಂಗಸೇ ನನ್ನ ತೊಡೆಯ ಪಕ್ಕದಿಂದ ಮಾತಾಡತೊಡಗಿದಳು. ಬಲ ಮೊಣಕೈ ಬಾಗಿಲ ಮೇಲೆ ಇಟ್ಟರಂತೂ ‘ಸ’ ಪೂರ್ತಿ ಮಾಯ.

ಡ್ಯಾಶ್‌ಬೋರ್ಡಿನ ಮೂಲೆ, ಮುಂಗಾಜಿನ ಬುಡ: ಇಲ್ಲಿ ನನ್ನ ಅಳತೆ 96 ಮತ್ತು 132 ಆಯಿತು. ವ್ಯತ್ಯಾಸ 47ರಿಂದ 36ಕ್ಕೆ ಇಳಿಯಿತು, ಜೋರಿನ ವ್ಯತ್ಯಾಸ 3 ಡೆಸಿಬೆಲ್ಲಿಗಿಂತ ಕೆಳಗೆ. ಎಷ್ಟು ದೂರ ಹೋದರೆ ಅಷ್ಟು ಎರಡೂ ಕಡೆ ಹತ್ತಿರ ಹತ್ತಿರ ಸಮ ಆಗುತ್ತದೆ. ಮೊದಲ ಸಲ ದನಿ ಬಾನೆಟ್ ಮೇಲೆ, ಹೆಚ್ಚು ಕಡಿಮೆ ನಡುವಿನಲ್ಲಿ ಬಂತು. ನಾನು ಆ ತುಣುಕನ್ನು ಐದು ಸಲ ಕೇಳಿದೆ. ಟ್ವೀಟರ್ ಮೇಲ್ಮುಖವಾಗಿ ಗಾಜಿಗೆ ಹೊಡೆಯುವ ಹಾಗೆ ಇಟ್ಟರೆ ಮಾತ್ರ ಮತ್ತೆ ಚೂಪು. ಟಾರ್ಚ್ ಇಟ್ಟು ನೋಡಿದರೆ ಗಾಜಿನಲ್ಲಿ ಎರಡನೇ ಬೆಳಕು ಫಳಫಳ.

ಎ ಪಿಲ್ಲರ್, ಅಂದರೆ ಮುಂಗಾಜಿನ ಪಕ್ಕದ ಕಂಬ: ಕಂಬದ ಬುಡದಲ್ಲಿ, ಡ್ಯಾಶಿಗಿಂತ ನಾಲ್ಕು ಬೆರಳು ಮೇಲೆ, ಗಾಜಿಗೆ ಬೆನ್ನು ಮಾಡಿ ದೀಪದ ಕಡೆ ತಿರುಗಿಸಿದೆ. ದೂರ ಡ್ಯಾಶ್ ಮೂಲೆಯಷ್ಟೇ, ಗಾಜಿನ ಬೆಳಕು ಮುಕ್ಕಾಲು ಭಾಗ ಹೋಯಿತು. ಕಂಬದ ನಡುವಿಗೆ ಏರಿಸಿದರೆ ಮತ್ತೆ ಕಿವಿಗೆ ಹತ್ತಿರ ಬರುತ್ತದೆ, ಏರಿಸಬೇಡಿ. ನಾನು ಉಳಿದದ್ದು ಈ ಬುಡದಲ್ಲೇ.

ಜಾಗ ಸರಿಹೋಯಿತು, ದನಿ ಟೊಳ್ಳಾಯಿತು

ಇಲ್ಲಿ ಒಂದು ಹೊಸ ತೊಂದರೆ ಹುಟ್ಟಿತು. ಚುಚ್ಚುವುದು ನಿಂತಿತು, ಆದರೆ ಎಡಗಡೆಯಿಂದ ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಟ್ವೀಟರ್ ದೂರ ಹೋದಷ್ಟೂ ವೂಫರ್ ಜೊತೆಗಿನ ಹೊಂದಾಣಿಕೆ ಕೆಡಬಹುದು. ಎರಡೂ ಒಟ್ಟಿಗೆ ಹಾಡುವ ಗಡಿ ನನ್ನ ಸೆಟ್‌ನಲ್ಲಿ 3.5 ಕಿಲೋಹರ್ಟ್ಸ್. ಅಲ್ಲಿ ಅಲೆಯ ಉದ್ದ 10 ಸೆಂಟಿಮೀಟರ್ ಆಸುಪಾಸು. ಅದರ ಅರ್ಧ, ಅಂದರೆ ಬರೀ 5 ಸೆಂಟಿಮೀಟರ್ ಹಿಂದೆ ಮುಂದೆ ಆದರೆ, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡೂ ಸೇರಿ ಜಾಸ್ತಿ ಆಗುವ ಬದಲು ಕಡಿಮೆ ಆಗುತ್ತದೆ.

ಕಂಡುಹಿಡಿಯುವುದು ಹೀಗೆ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ. ಸಣ್ಣ ವಾಲ್ಯೂಮಿನಲ್ಲಿ ಮಾತು ಕೇಳಿ. ಸ್ಟೀರಿಯೋ ಆರಿಸಿ, ಟ್ವೀಟರ್ ವೈರ್ ಬಿಡಿಸಿ, ಮತ್ತೆ ಹಚ್ಚಿ ಕೇಳಿ. ಟ್ವೀಟರ್ ಇಲ್ಲದಿದ್ದಾಗ ದನಿ ಮಂಕಾದರೂ ಹೆಚ್ಚು ತುಂಬಿಕೊಂಡಿದೆ ಅನ್ನಿಸಿತಾ? ಹಾಗಾದರೆ ಇಬ್ಬರೂ ಜಗಳ ಆಡುತ್ತಿದ್ದಾರೆ. ಆ ಕಡೆಯ ಟ್ವೀಟರಿನ ಪ್ಲಸ್ ಮೈನಸ್ ತಿರುಗಿಸಿ ಹಾಕಿ ಮತ್ತೆ ಕೇಳಿ. “ಅಯ್ಯೋ, ಪ್ಲಸ್ಸಿಗೆ ಮೈನಸ್ ಕೊಟ್ಟರೆ ಸುಡಲ್ವಾ” ಅಂತ ನಮ್ಮ ಭಾವ ಕೇಳಿದರು. ಇಲ್ಲ ಭಾವ, ಸ್ಪೀಕರಿಗೆ ಏನೂ ಆಗುವುದಿಲ್ಲ. ಕೆಲವು ಕ್ರಾಸ್‌ಓವರುಗಳಲ್ಲಿ ಟ್ವೀಟರನ್ನು ಬೇಕು ಅಂತಲೇ ತಿರುಗಿಸಿ ಜೋಡಿಸುವ ಹಾಗೆ ಲೆಕ್ಕ ಇರುತ್ತದೆ.

ಎರಡೂ ಕಡೆಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ. ಎರಡೂ ಒಂದೇ ರೀತಿ ಇರಬೇಕು ಅಂತ ಹೇಳುವವರಿದ್ದಾರೆ. ಮನೆಯಲ್ಲಿ, ಎರಡು ಸ್ಪೀಕರಿನ ನಡುವೆ ಕೂತರೆ, ಸರಿ. ಕಾರಿನಲ್ಲಿ ನಾವು ನಡುವೆ ಕೂರುವುದಿಲ್ಲವಲ್ಲ. ನನ್ನದರಲ್ಲಿ ಬಲಗಡೆ ಮಾಮೂಲಿ, ಎಡಗಡೆ ತಿರುಗಿಸಿದ್ದು ಸರಿಹೋಯಿತು. ನಿಮ್ಮದರಲ್ಲಿ ಬೇರೆ ಇರಬಹುದು, ಕಿವಿ ಹೇಳಿದಂತೆ ಕೇಳಿ.

ಸ್ಟೀರಿಯೋದಲ್ಲಿ ಟೈಮ್ ಅಲೈನ್‌ಮೆಂಟ್ (ಒಂದೊಂದು ಕಡೆಯ ಸದ್ದಿಗೆ ಬೇಕಾದಷ್ಟು ತಡ ಕೊಡುವ ಸೌಲಭ್ಯ) ಇದ್ದರೆ ಇದೆಲ್ಲ ಆದ ಮೇಲೆ ಮುಟ್ಟಿ. ಬಲಗಡೆಗೆ 36 ಸೆಂಟಿಮೀಟರಿನಷ್ಟು, ಅಂದರೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ತಡ ಕೊಟ್ಟೆ. ಕ್ರಾಸ್‌ಓವರ್ ಡಬ್ಬಿ ಇರುವ ಸೆಟ್‌ನಲ್ಲಿ ಟ್ವೀಟರ್, ವೂಫರ್ ಎರಡೂ ಒಂದೇ ಚಾನೆಲ್ ಮೇಲೆ ಇರುತ್ತವೆ, ತಡ ಕೊಟ್ಟರೆ ಎರಡಕ್ಕೂ ಹೋಗುತ್ತದೆ. ಟ್ವೀಟರ್ ಒಂದಕ್ಕೇ ಬೇಕಂದರೆ ಅದಕ್ಕೆ ಬೇರೆ ಚಾನೆಲ್ ಕೊಟ್ಟು, ಸದ್ದು ತಿದ್ದುವ ಡಿಜಿಟಲ್ ಡಬ್ಬಿಯಾದ ಡಿಎಸ್‌ಪಿ ಹಾಕಬೇಕು, ಅದು ಬೇರೆಯದೇ ಖರ್ಚಿನ ದಾರಿ.

ತೂತು ಹೊಡೆಯುವ ಮುಂಚೆ

ಕಂಬದ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತ ಅಚ್ಚು ಇದೆಯಾ ನೋಡಿ. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಚಾವಣಿಯ ಅಂಚಿನಲ್ಲಿ ಮಡಚಿಕೊಂಡಿರುತ್ತದೆ, ಎಷ್ಟೋ ಕಾರುಗಳಲ್ಲಿ ಅದರ ತುದಿ ಈ ಕಂಬದೊಳಕ್ಕೂ ಇಳಿದಿರುತ್ತದೆ. ಹಾಗಿದ್ದರೆ ಆ ಕಂಬಕ್ಕೆ ಟ್ವೀಟರೂ ಬೇಡ, ವೈರೂ ಬೇಡ. ಅದು ಬಿಚ್ಚಿದಾಗ ಅಡ್ಡ ಇರುವುದೆಲ್ಲ ಮುಖಕ್ಕೇ ಬರುತ್ತದೆ. ಹಾಗೆಯೇ ಡ್ಯಾಶ್ ಮೇಲೆ ಎಡಗಡೆ ಪ್ಯಾಸೆಂಜರ್ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಏನನ್ನೂ ಅಂಟಿಸಬೇಡಿ. ಇಂಥ ಕಾರಿನವರಿಗೆ ಮಿರರ್ ತ್ರಿಕೋನವೇ ಗತಿ ಅಂತಾದರೆ, ಟ್ವೀಟರನ್ನು ಸಾಧ್ಯವಾದಷ್ಟು ಓರೆ ಮಾಡಿ, ಮೈನಸ್ 3 ಹಾಕಿ, ಸೀಟು ಒಂದು ಗಿಣ್ಣು ಹಿಂದಕ್ಕೆ ತಳ್ಳಿ ಕೇಳಿ. ಕಂಬ ಇಲ್ಲದಿದ್ದರೂ ಬದುಕಬಹುದು.

ನನ್ನ ಹಳೇ ಕಾರಿನಲ್ಲಿ ಕಂಬದೊಳಗೆ ಬರೀ ಗಾಳಿ. ಆದರೂ ತೂತು ಹೊಡೆಯದೆ ಒಂದು ವಾರ ಕ್ಲೇ ಮೇಲೇ ಓಡಿಸಿದೆ. ನಿಂತ ಕಾರಿನಲ್ಲಿ ಚೆನ್ನಾಗಿ ಕೇಳಿದ್ದು ಓಡುವಾಗ ಹಾಗೇ ಇರುತ್ತದೆ ಅಂತ ಏನಿಲ್ಲ, ಟೈರಿನ ಸದ್ದು ಬಾಸ್ ತಿಂದುಹಾಕಿದಾಗ ಮೇಲಿನ ಸದ್ದು ಎದ್ದು ಕಾಣುತ್ತದೆ. ಮೂರನೇ ದಿನ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ನೋಡಿದರೆ ಬಲಗಡೆ ಟ್ವೀಟರ್ ವೈರಿಗೆ ನೇತಾಡುತ್ತಿತ್ತು, ಕ್ಲೇ ಕರಗಿ ಜಾರಿತ್ತು. ಡಬಲ್ ಟೇಪ್ ಆಗಿದ್ದರೂ ಅಷ್ಟೇ. ಬೇಸಿಗೆಯಲ್ಲಿ ಡ್ಯಾಶ್ ಮೇಲೆ ಕೈ ಇಡುವುದಕ್ಕೆ ಆಗುವುದಿಲ್ಲ, ಅಂಟು ನಿಲ್ಲುತ್ತದಾ? ಕೊನೆಗೆ ಸ್ಕ್ರೂ ಹಾಕುವ ಕಪ್ ತರುವುದೇ ಒಳ್ಳೆಯದು, ಸೆಟ್ ಜೊತೆ ಬಾರದಿದ್ದರೆ ಬೆಂಗಳೂರಿನವರು ಜೆಸಿ ರಸ್ತೆಯಲ್ಲಿ ಕೇಳಿ ನೋಡಿ.

ಬಿದ್ದಾಗ ಡೋಮ್ ಒಳಕ್ಕೆ ತಗ್ಗಾಗಿತ್ತು. ಸಿಲ್ಕ್ ಆದ್ದರಿಂದ ಸೆಲೋಟೇಪ್ ಮೆಲ್ಲಗೆ ಒತ್ತಿ ಎಳೆದೆ, ಪುಳಕ್ ಅಂತ ಹೊರಗೆ ಬಂತು. ಮೆಟಲ್ ಡೋಮ್ ಆಗಿದ್ದರೆ ಆ ಗೆರೆ ಹೋಗುತ್ತಿರಲಿಲ್ಲ.

ತ್ರಿಕೋನದಲ್ಲಿ ಉಳಿದ ಹಳೇ ತೂತಿಗೆ ಕಪ್ಪು ಫೆಲ್ಟ್ ಬಟ್ಟೆ ಅಂಟಿಸಿದ್ದೇನೆ. ಈಗ ರೇಡಿಯೋ ಹೆಂಗಸು ವೈಪರ್‌ಗಳ ನಡುವೆ ಕೂತು ಮಾತಾಡುತ್ತಾಳೆ, ಹಲ್ಲು ಎದೆ ಎರಡೂ ಒಟ್ಟಿಗೇ. ಪಕ್ಕದ ಸೀಟಿನಲ್ಲಿ ಮಾತ್ರ ಅವಳು ಗ್ಲೋವ್‌ಬಾಕ್ಸ್ ಹತ್ತಿರ ಇದ್ದಾಳಂತೆ, ನಮ್ಮ ಮನೆಯವಳ ದೂರು. ಆ ಸೀಟಿಗೆ ಅಂತ ಸ್ಟೀರಿಯೋದಲ್ಲಿ ಎರಡನೇ ಸೆಟ್ಟಿಂಗ್ ಮಾಡಿಟ್ಟಿದ್ದೇನೆ, ಆದರೆ ಅದನ್ನು ಒತ್ತಿದರೆ ನನ್ನ ಕಡೆ ಮತ್ತೆ ಮೊದಲಿನ ಕಥೆಯೇ.